ಹಾಲಂಡಿನ ವಾಲ್ವು

ನಿಪ್ಪಾಣಿಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ಬರುವುದು ಬೆಳಿಗ್ಗೆ ಆರೂವರೆಗೆ. ಅಷ್ಟರೊಳಗೆ ಎದ್ದು, ಕೊಡದ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿರಬೇಕು. ನಮ್ಮದು ಜೈನರ ಮನೆ, ಸೋಸದ ನೀರು ಒಲೆಯ ಮೇಲೆ ಏರುವುದಿಲ್ಲ. ಮದುವೆಯಾಗಿ ಬಂದ ಮೂವತ್ನಾಲ್ಕು ವರ್ಷಗಳಿಂದ ನನ್ನ ಬೆಳಗು ಶುರುವಾಗುವುದೇ ಈ ಬಟ್ಟೆಯಿಂದ. ಕೊಡ ಖಾಲಿಯಿದ್ದಾಗ ಹನಿ ಬೀಳುವ ಸದ್ದು ಒಂದು ಥರ, ತುಂಬುತ್ತ ಬಂದಂತೆ ಇನ್ನೊಂದು ಥರ. ಆ ಸದ್ದನ್ನು ಒಂದು ಕಿವಿಯಲ್ಲಿ ಕೇಳುತ್ತಲೇ ಚಹಾ ಇಡುತ್ತೇನೆ, ಭಕ್ರಿಯ ಹಿಟ್ಟು ನಾದುತ್ತೇನೆ, ಇವರ ಅಂಗಿಗೆ ಇಸ್ತ್ರಿ ಹಾಕುತ್ತೇನೆ.

ಆವತ್ತೂ ಹಾಗೆಯೇ ಶುರುವಾಯಿತು. ಇವರು ಒಂಬತ್ತಕ್ಕೆ ಅಂಗಡಿಗೆ ಹೋದರು. ಚಿಕ್ಕೋಡಿಯಿಂದ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರು ಹನ್ನೊಂದಕ್ಕೆ ಬರುತ್ತೇನೆ ಎಂದು ಫೋನು ಮಾಡಿದ್ದರು. ಅವರಿಗೆ ಹಳೆಯ ರೇಡಿಯೋಗಳ ಹುಚ್ಚು. ನಮ್ಮ ಮಾವನವರ ರೇಡಿಯೋ ನೋಡಬೇಕಂತೆ. ಪಡಸಾಲೆಯ ಗೋಡೆಯ ಮಾಡದಿಂದ ಅದನ್ನು ಇಳಿಸಿ, ನಾನೇ ಕ್ರೋಶಾದಲ್ಲಿ ಹೆಣೆದಿದ್ದ ಮುಸುಕು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸುವಾಗ ನೆನಪಾದದ್ದು ಮಾವನವರಿಗಿಂತ ಹೆಚ್ಚಾಗಿ ಅದನ್ನು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ.

ಮಿಸ್ತ್ರಿ ತೀರಿಕೊಂಡು ಮೂರು ವಾರವಾಗಿತ್ತು. ರಾಯಬಾಗದಲ್ಲಿ ಮಗಳ ಮನೆಗೆ ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಹೆಸರು ಬೇಡ. ಅವರ ಹೆಂಡತಿ ಇದೇ ಊರಿನಲ್ಲಿ ಸಂತೆಗೆ ಬರಬೇಕು, ಬಸ್ಸು ಹತ್ತಬೇಕು. ಅಲ್ಲದೆ ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಹಳೆಯ ಬಸ್ ನಿಲ್ದಾಣದ ಹಿಂದೆ, ತಂಬಾಕು ದಾಸ್ತಾನಿಡುವ ವಖಾರಿಯ ಗೋಡೆಗೆ ಆತುಕೊಂಡ ಎಂಟು ಅಡಿಯ ಅಂಗಡಿ. ಬಾಗಿಲ ತುಂಬ ತಂಬಾಕಿನ ಘಾಟು, ಒಳಗೆ ಬೆಸುಗೆ ಹಾಕುವ ರಾಳದ ಹೊಗೆ. ಅವರ ಅಂಗಿಗೆ ಎರಡೂ ವಾಸನೆ ಅಂಟಿರುತ್ತಿತ್ತು.

ನಮ್ಮ ಮನೆಗೆ ಬಂದರೆ ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ. ಹೊಸ್ತಿಲ ಹತ್ತಿರ, ಬೆಳಕು ಬೀಳುವಲ್ಲಿ, ಹಳೆಯ ಪೇಪರು ಹಾಸಿಕೊಂಡು ಕೂಡುತ್ತಿದ್ದರು. ರೇಡಿಯೋ ಮುಟ್ಟುವ ಮುಂಚೆ ಬಚ್ಚಲಿಗೆ ಹೋಗಿ ಕೈ ತೊಳೆದು ಬರುತ್ತಿದ್ದರು, ಪೂಜೆಗೆ ಕೂಡುವವರ ಹಾಗೆ. ಬಿಚ್ಚಿದ ಸ್ಕ್ರೂಗಳನ್ನು ತಮ್ಮ ಅಡಕೆ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುತ್ತಿದ್ದರು. ಒಂದು ಸಲವೂ ಒಂದು ಸ್ಕ್ರೂ ಕಳೆದದ್ದಿಲ್ಲ. ಇದನ್ನೆಲ್ಲ ಅಡಿಗೆಮನೆಯ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಇಷ್ಟು ಜೋಪಾನದ ಮನುಷ್ಯ ಯಾರ ಮನೆಯನ್ನೂ ಕೆಡಿಸಲಾರ ಅನ್ನಿಸುತ್ತಿತ್ತು.

ಆದರೆ ನಾನು ಅವರಿಗೆ ಮಾರುಹೋದದ್ದು ಜೋಪಾನಕ್ಕಲ್ಲ, ಅವರ ಕಥೆಗಳಿಗೆ.

ಹಳೆಯ ರೇಡಿಯೋದೊಳಗೆ ಹೆಬ್ಬೆರಳಿನಷ್ಟು ದಪ್ಪದ ಗಾಜಿನ ನಳಿಗೆಗಳು ಇರುತ್ತವೆ. ವಾಲ್ವು ಅನ್ನುತ್ತಾರೆ. ಕರೆಂಟು ಕೊಟ್ಟ ಮೇಲೆ ಅದರ ಹೊಟ್ಟೆಯೊಳಗೆ ಒಂದು ಕೆಂಪು ಎಳೆ ಮೆಲ್ಲಗೆ ಕಾಯುತ್ತದೆ. ಅದು ಕಾಯುವ ತನಕ ರೇಡಿಯೋ ಮಾತಾಡುವುದಿಲ್ಲ. ಮಿಸ್ತ್ರಿ ಒಂದೊಂದೇ ವಾಲ್ವು ಕಿತ್ತು, ಬಾಯಿಂದ ಹಬೆ ಊದಿ, ಪೆನ್ಸಿಲಿನಿಂದ ಟಿಣ್ ಅನ್ನಿಸಿ, ಕಿವಿಗೆ ಹಿಡಿದು ಅದರ ಹುಟ್ಟೂರು ಹೇಳುತ್ತಿದ್ದರು.

"ಇದು ನೋಡ್ರಿ ವೈನಿ, ಹಾಲಂಡಿಂದು. ಅಲ್ಲಿ ಹೆಣ್ಣಮಕ್ಕಳ ಕುಂತ ಜೋಡಸ್ತಿದ್ರಂತ. ಗಂಡಸರ ಬಟ್ಟ ಒಳಗ ಹೋಗಂಗಿಲ್ಲ. ಅಲ್ಲಿಂದ ಹಡಗ ಹತ್ತಿ ಮುಂಬೈಗೆ ಬಂತು. ಮುಂಬೈಲಿಂದ ಕೊಲ್ಲಾಪುರ, ಕೊಲ್ಲಾಪುರದಿಂದ ನಿಮ್ಮ ಮಾವನಾರ ಸೈಕಲ್ ಮ್ಯಾಲೆ ನಿಪ್ಪಾಣಿ."

"ಮತ್ತ ಇದು?"

"ಇದು ಇಂಗ್ಲೆಂಡಿಂದು. ಇದರ ದನಿ ಸ್ವಲ್ಪ ಗರ್ವಿಷ್ಠ. ಕೇಳ್ರಿ."

ಮಾವನವರು ನಗುತ್ತಿದ್ದರು. "ಏ ಮಿಸ್ತ್ರಿ, ಅದರ ಗೋತ್ರಾನೂ ಹೇಳಿಬಿಡು. ಲಗ್ನ ಮಾಡೂಣು."

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾದ ಮೇಲೆ ಕಂಡ ಊರೆಂದರೆ ನಾದಿನಿಯ ಕಾಗವಾಡ, ಅಥಣಿಯ ಒಂದೆರಡು ಲಗ್ನ, ಅಷ್ಟೇ. ಮಿಸ್ತ್ರಿ ರಿಪೇರಿ ಮುಗಿಸಿ ಹೋದ ಮೇಲೆ ಶಾಲೆಯ ಕಾಲದ ಅಟ್ಲಾಸು ತೆಗೆದು ಹಾಲಂಡ್ ಎಲ್ಲಿದೆ ಎಂದು ಬೆರಳಿಟ್ಟು ನೋಡಿದ್ದೇನೆ. ನಮ್ಮ ಪಡಸಾಲೆಯ ಮಾಡದಲ್ಲಿ ಕೂತ ಒಂದು ಗಾಜಿನ ಚೂರು ಅಷ್ಟು ದೂರದಿಂದ ಬಂದಿದೆ ಎಂಬುದು ನನಗೆ ಯಾಕೋ ಸಮಾಧಾನ ಕೊಡುತ್ತಿತ್ತು.

ಒಂದು ಮಧ್ಯಾಹ್ನ ನಾನು ಉಪ್ಪಿನಕಾಯಿ ಭರಣಿಗಳ ಮೇಲೆ ತಾರೀಖಿನ ಚೀಟಿ ಬರೆಯುತ್ತಿದ್ದೆ. ಮಿಸ್ತ್ರಿ ನೋಡುತ್ತ ನಿಂತರು.

"ವೈನಿ, ಇದು ಕೈಲೆ ಬರದದ್ದೋ, ಛಾಪಿಸಿದ್ದೋ?"

ನಮ್ಮ ಕಾನ್ವೆಂಟಿನ ಸಿಸ್ಟರ್ ಅಕ್ಷರ ಎಂದರೆ ಜೀವ ಬಿಡುತ್ತಿದ್ದರು. ಇಂಗ್ಲಿಷಿನ ಎಂಟು ಬರೆಯಬೇಕಾದರೆ ಒಂದರ ಮೇಲೊಂದು ಇಟ್ಟ ಎರಡು ಬಳೆ, ಮೇಲಿನದು ಕೂಸಿನದು, ಕೆಳಗಿನದು ತಾಯಿಯದು. ನಾಲ್ಕರ ನೆತ್ತಿ ಮುಚ್ಚಬಾರದು, ಮಳೆ ಬಿದ್ದರೆ ಒಳಗೆ ಹೋಗಬೇಕು. ಇಲ್ಲವಾದರೆ ಬೆರಳ ಗೆಣ್ಣಿಗೆ ಪಟ್ಟಿಯ ಏಟು. ಹಾಗೆ ಕಲಿತ ಅಕ್ಷರ ನನ್ನದು. ಮದುವೆಯಾದ ಮೇಲೆ ಅದಕ್ಕೆ ಕೆಲಸವೇ ಇರಲಿಲ್ಲ. ಹಾಲಿನ ಲೆಕ್ಕ, ಭರಣಿಯ ಚೀಟಿ.

ಮರುದಿನ ಮಿಸ್ತ್ರಿ ಬಟ್ಟೆಯ ಗಂಟಿನಲ್ಲಿ ನಾಲ್ಕು ವಾಲ್ವು ತಂದರು. "ಇವುಗಳ ಮ್ಯಾಲಿನ ಅಕ್ಷರ ಒರಸಿ ಹೋಗ್ಯಾವರಿ. ಗಾಜಿನ ಮ್ಯಾಲಿನ ಬಣ್ಣ, ಕೈಯಾಡಿಸಿದ್ರ ಸಾಕು, ಹೋಗತೈತಿ. ನಂಬರ ಇಲ್ಲಂದ್ರ ಮುಂದಿನ ರಿಪೇರಿಯವಗ ಯಾವ ವಾಲ್ವು ಅಂತ ತಿಳಿಯಂಗಿಲ್ಲ. ನಿಮ್ಮ ಕೈಲೆ ಒಂದೀಟ ಬರದ ಕೊಡ್ರಿ. ಪುಣ್ಯದ ಕೆಲಸ."

ಮಾದರಿಗೆ ಒಂದು ಹಳೆಯ ವಾಲ್ವು ಕೊಟ್ಟರು, ಜೊತೆಗೆ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ. ನನ್ನ ಹತ್ತಿರ ಕಾನ್ವೆಂಟಿನ ಕಾಲದ ನಿಬ್ಬಿನ ಪೆನ್ನಿತ್ತು. ವಾಲ್ವು ಹೊರಳದ ಹಾಗೆ ಬಟ್ಟಲಲ್ಲಿ ಅಕ್ಕಿ ತುಂಬಿ, ಅದರ ಕಾಲುಗಳನ್ನು ಅಕ್ಕಿಯೊಳಗೆ ಊರಿ ನಿಲ್ಲಿಸಿದೆ. ಮೊದಲು ಇಂಗ್ಲಿಷಿನಲ್ಲಿ ಇ, ಎಲ್. ಆಮೇಲೆ ಎಂಬತ್ನಾಲ್ಕು. ಕೆಳಗೆ ಇನ್ನೂ ಸಣ್ಣಕ್ಕೆ ಮೇಡ್ ಇನ್ ಹಾಲಂಡ್. ಉಸಿರು ಬಿಗಿಹಿಡಿದು ಬರೆದೆ. ಬರೆದ ಮೇಲೆ ಕಿಟಕಿಯಲ್ಲಿ ಒಣಗಲು ಇಟ್ಟು, ಸಂಜೆಯವರೆಗೆ ಹತ್ತು ಸಲ ಹೋಗಿ ನೋಡಿದೆ.

ಅದು ಸುಮಾರು ಆರು ವರ್ಷ ನಡೆಯಿತು. ತಿಂಗಳಿಗೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ ಆ ಗಂಟು ಬರುತ್ತಿತ್ತು. ಮಿಸ್ತ್ರಿ ಆಗ ಮೋಟರ್ ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದರು. ಉಗಾರದ ಸಕ್ಕರೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸು, ಐಗಳಿ, ಅಥಣಿ, ಎಲ್ಲಿ ಯಾರ ಅಟ್ಟದಲ್ಲಿ ಹಳೆಯ ರೇಡಿಯೋ ಇದೆ ಎಂಬುದು ಅವರಿಗೆ ಗೊತ್ತಿತ್ತು. ಒಂದು ಸಂಗತಿ ಮಾತ್ರ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ನಾನು ಅಷ್ಟು ಚೆಂದವಾಗಿ ಬರೆದದ್ದರ ಮೇಲೆ ಅವರು ಒಲೆಯ ಬೂದಿಯನ್ನು ಹತ್ತಿಯಲ್ಲಿ ಅದ್ದಿ ಮೆಲ್ಲಗೆ ತಿಕ್ಕುತ್ತಿದ್ದರು.

"ಯಾಕ್ರಿ, ಮಾಸತೈತಲ್ಲಾ?"

"ಬೂದಿ ತಾಗಿದ್ರ ಬಣ್ಣ ಗಟ್ಟಿ ಹಿಡೀತೈತ್ರಿ ವೈನಿ."

ಇದ್ದೀತು ಅಂದುಕೊಂಡೆ. ಅವರ ಕಸುಬು ಅವರಿಗೆ ಗೊತ್ತು. ನಮ್ಮ ರೇಡಿಯೋದ ರಿಪೇರಿಗೆ ಅವರು ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ. ಮನೆಯ ಮಗನ ಹಾಗೆ ಎಂದು ಮಾವನವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು.

ಮಾವನವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ವಖಾರಿಯಲ್ಲಿ ಗುಮಾಸ್ತರಾಗಿದ್ದವರು. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ರೇಡಿಯೋದ ಮುಂದೆ ಕೂಡುವುದು. ಧಾರವಾಡ ಸ್ಟೇಷನ್ನಿನ ವಾರ್ತೆ, ರೈತರ ಕಾರ್ಯಕ್ರಮ, ಬಂದರೆ ಒಂದು ಹಾಡು. ಆಮೇಲೆ ಬಸದಿಗೆ ಹೋಗಿ ಪ್ರವಚನ. ರವಿವಾರ ಕಾಗವಾಡದ ಮಗಳ ಫೋನು. ಆ ದಿನಚರಿಯೇ ಅವರ ಸುಖ.

ಹನ್ನೆರಡು ವರ್ಷದ ಹಿಂದೆ, ಹತ್ತು ದಿನದ ದಶಲಕ್ಷಣ ಪರ್ವದಲ್ಲಿ, ಮಾವನವರು ಉಪವಾಸ ಹಿಡಿದು ಹಗಲೆಲ್ಲ ಬಸದಿಯಲ್ಲೇ ಇರುತ್ತಿದ್ದಾಗ ಮಿಸ್ತ್ರಿ ಬಂದರು. "ಮಾಮಾ ಇಲ್ಲದಾಗ ರೇಡಿಯೋ ಒಂದ ಸಲ ಸ್ವಚ್ಛ ಮಾಡಿಬಿಡ್ತೀನಿ. ಧೂಳ ಕುಂತಿರತೈತಿ" ಅಂದರು. ಪೇಪರು ಹಾಸಿದರು, ಕೈ ತೊಳೆದರು, ಸ್ಕ್ರೂ ಸಾಲಾಗಿ ಇಟ್ಟರು. ನಾನು ಅವರಿಗೆ ಚಹಾ ಕೊಟ್ಟು ಒಳಗೆ ಹೋದೆ.

ಪರ್ವ ಮುಗಿದ ಸಂಜೆ ಮಾವನವರು ರೇಡಿಯೋ ಹಚ್ಚಿದರು. ಗುಂಡಿ ತಿರುಗಿಸಿದರು. ಇನ್ನೂ ತಿರುಗಿಸಿದರು. "ಯಾಕೋ ದನಿ ಬತ್ತಿದಂಗ ಆಗೇತಿ" ಅಂದರು.

ಮರುದಿನ ಮಿಸ್ತ್ರಿ ಬಂದು ರೇಡಿಯೋಗೆ ಕಿವಿ ಹಚ್ಚಿದರು. ಆಮೇಲೆ ಎದ್ದು ಗೋಡೆಯವರೆಗೆ ಹಿಂದೆ ಸರಿದು ನಿಂತು ಕೇಳಿದರು. "ನನಗ ಖಣಖಣ ಕೇಳಾಕತ್ತೈತಿ ಮಾಮಾ. ರೇಡಿಯೋ ಏನೂ ಆಗಿಲ್ಲ. ನಿಮ್ಮ ಕಿವಿ ಒಂದ ಸಲ ಯಾರಿಗಾರ ತೋರಿಸ್ರಿ."

ಮಾವನವರು ನನ್ನ ಕಡೆ ನೋಡಿದರು. "ನಿನಗವಾ?"

ಈಗ ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ನನಗೂ ದನಿ ಕಡಿಮೆ ಅನ್ನಿಸಿತ್ತು. ಅಡಿಗೆಮನೆಯಿಂದ ಕೇಳುತ್ತಿದ್ದ ಹಾಡಿನ ಮಾತುಗಳು ಎರಡು ದಿನದಿಂದ ತಿಳಿಯುತ್ತಿರಲಿಲ್ಲ. ಆದರೆ ಮಿಸ್ತ್ರಿಯಂಥವರು ಹೇಳುತ್ತಿದ್ದಾರೆ. ನಾನು ಹೇಳಿದೆ, "ಹೌದ್ರಿ ಮಾಮಾ, ಚೊಲೋ ಕೇಳತೈತಿ."

ಡಾಕ್ಟರ ಹತ್ತಿರ ಹೋಗೋಣ ಎಂದರೆ ಮಾವನವರು ಒಪ್ಪಲಿಲ್ಲ. "ಎಪ್ಪತ್ತೇಳಕ್ಕ ಇಷ್ಟರ ಕೇಳತೈತಲ್ಲ, ಸಾಕು" ಅಂದರು. ಆವತ್ತಿನಿಂದ ಮನೆಯಲ್ಲಿ ಎಲ್ಲರೂ ಅವರ ಹತ್ತಿರ ಗಟ್ಟಿಯಾಗಿ ಮಾತಾಡತೊಡಗಿದೆವು. ನಾನೂ. ಊಟಕ್ಕೆ ಬರ್ರಿ ಎನ್ನುವುದನ್ನು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದೆ. ಮೊದಲು ಅವರು ಮುಖ ಸಿಂಡರಿಸುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಪ್ರವಚನಕ್ಕೆ ಹೋಗುವುದು ನಿಂತಿತು. "ಕೇಳಸಂಗಿಲ್ಲ ಅಂದ ಮ್ಯಾಲೆ ಮಂದಿ ನಡುವ ಸುಮ್ಮನ ತಲಿ ಅಲ್ಲಾಡಿಸಿಕೋಂತ ಯಾಕ ಕುಂದ್ರಲಿ?" ಕಾಗವಾಡದಿಂದ ಫೋನು ಬಂದರೆ "ನೀನ ಮಾತಾಡವಾ" ಎಂದು ನನ್ನ ಕೈಗೆ ಕೊಡುತ್ತಿದ್ದರು. ನಾದಿನಿ ಎರಡು ಮಾತಾಡಿ ಫೋನು ಇಟ್ಟುಬಿಡುತ್ತಿದ್ದಳು. ಮಾವನವರು ರೇಡಿಯೋ ಹಚ್ಚುವುದನ್ನೇ ಬಿಟ್ಟ ಮೇಲೆ ನಾನು ಆ ಮುಸುಕು ಹೆಣೆದೆ.

ಮಿಸ್ತ್ರಿ ಬಂದಾಗಲೆಲ್ಲ ಮಾವನವರ ಪಕ್ಕ ಕೂತು, ಕಿವಿಗೆ ಬಾಯಿಟ್ಟು, "ಆರಾಮ ಅದೀರಿಲ್ಲೋ ಮಾಮಾ" ಎಂದು ಕೂಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಮಾವನವರು ಹೋದಾಗ ಮೊದಲು ಬಂದು ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಅತ್ತರು. ಆ ಅಳು ಸುಳ್ಳಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಲು ಬರುವುದಿಲ್ಲ.

ಇನ್ನೊಂದು ಸಂಗತಿ. ದಶಲಕ್ಷಣ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಳಿ. ಮನೆಮನೆಗೆ ಹೋಗಿ, ಸಣ್ಣವರು ದೊಡ್ಡವರು ಎನ್ನದೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಮಿಸ್ತ್ರಿ ನಮ್ಮ ಧರ್ಮದವರಲ್ಲ. ಆದರೂ ರೇಡಿಯೋದ ದನಿ ಬತ್ತಿದ ಆ ವರ್ಷದಿಂದ, ಪ್ರತಿ ಕ್ಷಮಾವಳಿಗೆ ತಪ್ಪದೆ ಬರತೊಡಗಿದರು. ಮೊದಲ ಸಲ ಬಂದಾಗ ಮಾವನವರ ಕಾಲಿಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದರು. ಆಮೇಲೆ ನನ್ನ ಹತ್ತಿರ ಬಂದು ಕೈ ಜೋಡಿಸಿದರು.

"ಗೊತ್ತಿದ್ದ ಮಾಡಿದ್ದು, ಗೊತ್ತಿಲ್ಲದ ಮಾಡಿದ್ದು, ಎರಡೂ ಹೊಟ್ಟ್ಯಾಗ ಹಾಕ್ಕೋರಿ ವೈನಿ."

ನಾನು ನಕ್ಕು ತಲೆ ಅಲ್ಲಾಡಿಸಿದೆ.

"ತಲಿ ಅಲ್ಲಾಡಿಸಿದ್ರ ನಡಿಯಂಗಿಲ್ಲ. ಬಾಯಿಲೆ ಅನ್ರಿ."

"ಆತಪಾ, ಕ್ಷಮಾ. ನಮ್ಮದೂ ಏನರ ಇದ್ರ ಕ್ಷಮಾ ಮಾಡ್ರಿ."

"ನಿಮ್ಮದೇನ ಇರತೈತ್ರಿ" ಅನ್ನುತ್ತಿದ್ದರು, ನೆಲ ನೋಡುತ್ತ. ಹೋದ ವರ್ಷವೂ ಬಂದಿದ್ದರು. ಮೆಟ್ಟಿಲು ಹತ್ತುವಾಗಲೇ ಏದುಸಿರು. ನೀರು ಕುಡಿದು ಅದೇ ಮಾತು ಹೇಳಿದರು, ಬಾಯಿಲೆ ಅನ್ರಿ ಅಂದರು. ಬೇರೆ ಧರ್ಮದ ಮನುಷ್ಯ ನಮ್ಮ ಆಚರಣೆಯನ್ನು ನಮಗಿಂತ ಹೆಚ್ಚು ಮನಸ್ಸಿಟ್ಟು ಮಾಡುತ್ತಾನಲ್ಲ ಎಂದು ನಾನು ಬಸದಿಯಲ್ಲಿ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಚಿಕ್ಕೋಡಿಯ ಮಾಸ್ತರರು ಹೇಳಿದ ಹೊತ್ತಿಗೇ ಬಂದರು. ಹೆಗಲಿಗೆ ಚೀಲ, ಅದರೊಳಗೆ ಭೂತಗನ್ನಡಿ, ದಪ್ಪ ನೋಟುಬುಕ್ಕು. ಹಳೆಯ ವಾಲ್ವುಗಳ ಮೂಲ ಹುಡುಕುವುದು ತಮ್ಮ ಕೆಲಸ ಎಂದು ಹೇಳಿದರು. ಯಾವ ದೇಶದಲ್ಲಿ ಹುಟ್ಟಿತು, ಯಾವ ಕಾರ್ಖಾನೆ, ಯಾವ ಕೈಗಳನ್ನು ದಾಟಿ ನಮ್ಮ ಕಡೆ ಬಂತು, ಎಲ್ಲ ಬರೆದಿಡುತ್ತಾರೆ. ಮಿಸ್ತ್ರಿಯ ಹೆಂಡತಿ ಅಂಗಡಿಯ ಸಾಮಾನು ಮಾರುವಾಗ ನಮ್ಮ ಮನೆಯ ಗುರುತು ಕೊಟ್ಟಿದ್ದರಂತೆ.

ನಾನು ಮಿಸ್ತ್ರಿಯನ್ನು ಹೊಗಳಲು ಶುರು ಮಾಡಿದೆ. ಸ್ಕ್ರೂಗಳ ಸಾಲು, ಕೈ ತೊಳೆಯುವುದು, ಎಲ್ಲ. ಮಾಸ್ತರರು ಹೂಂಗುಡುತ್ತಲೇ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿದರು. ಒಳಗೆ ಕೈ ಹಾಕಿ ಒಂದು ವಾಲ್ವು ಕಿತ್ತರು. ಅದನ್ನು ಬೆಳಕಿಗೆ ಹಿಡಿದು "ಇಲ್ಲೂ ಬಂದೈತಿ" ಅಂದರು.

"ಏನ್ರಿ ಸರ್?"

"ಈ ಅಕ್ಷರದ ಕೈ. ನಾಲ್ಕ ವರ್ಷ ಆತ್ರಿ ಅಕ್ಕಾರ, ಈ ಕೈ ಹುಡಕಾಕತ್ತೀನಿ. ಕೊಲ್ಲಾಪುರದಾಗ ಸಿಕ್ತು, ಪುಣೆದಾಗ ಸಿಕ್ತು. ನಮ್ಮ ದೋಸ್ತ ಒಬ್ಬ ಬೆಂಗಳೂರಾಗ ಭಾರಿ ರೇಟ್ ಕೊಟ್ಟ ತಗೊಂಡಾನ, ಅದರ ಮ್ಯಾಲೂ ಇದ ಕೈ. ಹಾಲಂಡಿಂದು ಅಂತ ಮ್ಯಾಲೆ ಬರದೈತಿ. ಮ್ಯಾಲಿಂದು ಬರೇ ಬಣ್ಣ. ಖರೇದು ಇಲ್ಲಿರತೈತಿ, ನೋಡ್ರಿ."

ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಗಾಜಿನ ಬುಡದಲ್ಲಿ, ಸಾಸಿವೆಗಿಂತ ಸಣ್ಣಕ್ಕೆ, ಬೂದಿ ಬಣ್ಣದ ಎರಡು ಮೂರು ಅಕ್ಷರ. ಅವು ಬರೆದವಲ್ಲ, ಗಾಜಿನೊಳಗೇ ಸುಟ್ಟವು. ಅಳಿಸಲು ಬರುವುದಿಲ್ಲ. ಅದು ಕಾರ್ಖಾನೆಯ ಗುರುತು ಎಂದು ಅವರು ಬಿಡಿಸಿ ಹೇಳಿದರು. ಈ ವಾಲ್ವು ಹಡಗು ಕಂಡದ್ದೇ ಅಲ್ಲ. ನಮ್ಮ ದೇಶದಲ್ಲೇ ತಯಾರಾದದ್ದು.

"ನಮ್ಮ ದೇಶದ್ದಂದ್ರ ಕೆಟ್ಟದ್ದೇನಲ್ರಿ. ಖರೆ ಇದು ಸವದ ಹೋದ ಮಾಲು. ಜೀವಾನ ಇಲ್ಲ. ಯಾರೋ ನಿಮ್ಮ ಸೆಟ್ಟಿಂದು ಅಸಲಿದು ತಗದ ಮಾರ್ಯಾರ, ಅದರ ಜಾಗಾಕ್ಕ ಇದನ್ನ ಹಾಕ್ಯಾರ. ಇದು ದನಿ ಹೊರಡಸೂ ವಾಲ್ವು. ಇದು ಸತ್ತದ್ದಿದ್ರ ರೇಡಿಯೋ ಗುಸುಗುಸು ಅಂತೈತಿ, ಅಷ್ಟ."

ನಾನು ಭೂತಗನ್ನಡಿಯನ್ನು ಮೇಲಕ್ಕೆ ಸರಿಸಿದೆ. ಒಂದರ ಮೇಲೊಂದು ಇಟ್ಟ ಎರಡು ಬಳೆ. ಪಕ್ಕದಲ್ಲಿ ನೆತ್ತಿ ತೆರೆದ ನಾಲ್ಕು. ಮಳೆ ಬಿದ್ದರೆ ಒಳಗೆ ಹೋಗುವ ಹಾಗೆ.

"ನಾವು ಇದಕ್ಕ ಹೆಸರ ಇಟ್ಟೇವಿ, ಬಾಯಿ ಅಕ್ಷರ, ಹೆಣ್ಣಮಗಳ ಅಕ್ಷರ ಅಂತ. ಇಷ್ಟ ನಾಜೂಕು ಗಂಡಸರ ಕೈಲೆ ಬರಂಗಿಲ್ಲ" ಎಂದು ಮಾಸ್ತರರು ನಕ್ಕರು. ನೋಟುಬುಕ್ಕು ತೆರೆದು ತೋರಿಸಿದರು. ಸಾಲುಸಾಲಾಗಿ ವಾಲ್ವುಗಳ ಪಟ್ಟಿ. ಕೊನೆಯ ಕಾಲಮ್ಮಿನ ತಲೆಯ ಮೇಲೆ 'ಮೂಲ' ಎಂದಿತ್ತು. ಬಾಯಿ ಅಕ್ಷರದ ಹದಿನೇಳು ವಾಲ್ವುಗಳ ಮುಂದೆ ಆ ಕಾಲಮ್ಮು ಖಾಲಿ.

"ಇದು ನನ್ನ ಕೈ ಸರ್" ಅಂದೆ.

ಅವರಿಗೆ ತಿಳಿಯಲಿಲ್ಲ. ನಾನು ಒಳಗೆ ಹೋಗಿ ಉಪ್ಪಿನಕಾಯಿಯ ಭರಣಿ ತಂದು ಪಕ್ಕದಲ್ಲಿಟ್ಟೆ. ಚೀಟಿಯ ಮೇಲೆ ಏಪ್ರಿಲ್ ಎಂಟು, ಇಪ್ಪತ್ನಾಲ್ಕು. ಮಾಸ್ತರರು ಚೀಟಿ ನೋಡಿದರು, ವಾಲ್ವು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕಿಯ ಬಟ್ಟಲು, ಬೆಳ್ಳಿ ಬಣ್ಣ, ಬೂದಿ ಹಚ್ಚಿದ ಹತ್ತಿ, ಪುಣ್ಯದ ಕೆಲಸ ಎಂದದ್ದು, ಎಲ್ಲ ಹೇಳಿದೆ. ಅವರು ಪೆನ್ನಿನ ಕ್ಯಾಪು ಹಾಕಿಬಿಟ್ಟರು.

"ಇರ್ಲಿ ಬಿಡ್ರಿ ಅಕ್ಕಾರ. ನಾ ಎಲ್ಲೂ ಬರೆಯಂಗಿಲ್ಲ. ನಿಮಗೇನ ಗೊತ್ತಿತ್ತು?"

"ಬರೀರಿ. ಮೂಲ ಹುಡಕಾಕ ಬಂದೀರಿ, ಸಿಕ್ಕೈತಿ."

ಅವರು ಹಿಂದುಮುಂದು ನೋಡಿದರು. ಕೊನೆಗೆ ನಾನೇ ಪೆನ್ನು ತೆಗೆದುಕೊಂಡು ಮೊದಲ ಸಾಲಿನ ಖಾಲಿ ಜಾಗದಲ್ಲಿ ಬರೆದೆ: ನಿಪ್ಪಾಣಿ, ನಮ್ಮ ಅಡಿಗೆಮನೆ. ಆಮೇಲೆ ಉಳಿದ ಹದಿನಾರರಲ್ಲೂ ಅದನ್ನೇ ಬರೆದೆ. ಸಿಸ್ಟರ್ ಕಲಿಸಿದ ಅಕ್ಷರದಲ್ಲೇ. ಬೇರೆ ಅಕ್ಷರ ನನಗೆ ಬರುವುದಿಲ್ಲ.

ಮಾಸ್ತರರು ಪಾಪ, ಏನು ಮಾಡಬೇಕೋ ತಿಳಿಯದೆ, ತಮ್ಮ ಚೀಲದಿಂದ ಒಂದು ಒಳ್ಳೆಯ ವಾಲ್ವು ತೆಗೆದು ನಮ್ಮ ರೇಡಿಯೋಗೆ ಹಾಕಿದರು. ಬೇಡ ಎಂದರೂ ಕೇಳಲಿಲ್ಲ. ಕರೆಂಟು ಕೊಟ್ಟರು. ಕೆಂಪು ಎಳೆ ಕಾಯುವ ತನಕ ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಆಮೇಲೆ ಒಬ್ಬ ಹೆಣ್ಣುಮಗಳ ದನಿ ಪಡಸಾಲೆಯ ನಡುವೆ ಬಂದು ನಿಂತ ಹಾಗೆ ಕೇಳಿತು. ಹತ್ತಿಯ ದರ ಓದುತ್ತಿದ್ದಳು. ನಾನು ಅಡಿಗೆಮನೆಗೆ ಹೋಗಿ ನಿಂತೆ. ಅಲ್ಲಿಗೂ ಒಂದೊಂದು ಅಂಕಿಯೂ ಕೇಳುತ್ತಿತ್ತು. ಮೊದಲು ಹೀಗೆಯೇ ಕೇಳುತ್ತಿತ್ತು.

"ನಿಮ್ಮ ಮಾವನಾರು ಇದನ್ನ ಕೇಳಬೇಕಿತ್ರಿ" ಎಂದು ಮಾಸ್ತರರು ಹೊರಡುವಾಗ ಹೇಳಿದರು. ಅವರಿಗೆ ಕಿವಿಯ ಸಂಗತಿ ನಾನು ಹೇಳಿರಲಿಲ್ಲ.

ಅವರು ಹೋದ ಮೇಲೆ ಮಧ್ಯಾಹ್ನವೆಲ್ಲ ಕೂತಲ್ಲೇ ಕೂತಿದ್ದೆ. ನೆನಪಾದದ್ದು ಒಂದು ಸಣ್ಣ ಸಂಗತಿ. ಮಾವನವರ ಕೊನೆಯ ತಿಂಗಳು. ಅವರು ಒಳಗಿನ ಖೋಲಿಯಲ್ಲಿ ಮಲಗಿಯೇ ಇರುತ್ತಿದ್ದರು. ಒಂದು ಬೆಳಿಗ್ಗೆ ನಾನು ನಲ್ಲಿಯ ಕೊಡ ಮರೆತು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಖೋಲಿಯಿಂದ ಮೆಲ್ಲನೆಯ ದನಿ, "ನೀರ ತುಂಬೇತಿ ನೋಡವಾ." ಓಡಿ ಬಂದೆ. ಕೊಡ ಕಂಠಮಟ್ಟ ಬಂದಿತ್ತು, ಇನ್ನೂ ಚೆಲ್ಲಿರಲಿಲ್ಲ. ಅಂದಾಜಿನ ಮೇಲೆ ಹೇಳಿರಬೇಕು ಅಂದುಕೊಂಡಿದ್ದೆ. ಹೋಗಿ ಅವರ ಕಿವಿಯ ಹತ್ತಿರ ಬಾಗಿ, "ಬಂದ್ ಮಾಡೇನ್ರಿ ಮಾಮಾ" ಎಂದು ಕೂಗಿ ಹೇಳಿದ್ದೆ. ಅವರು ಕಣ್ಣು ಮುಚ್ಚಿಕೊಂಡರು.

ಬಟ್ಟೆಯಿಂದ ಕೊಡಕ್ಕೆ ಬೀಳುವ ಹನಿಯ ಸದ್ದು ಎರಡು ಗೋಡೆಯಾಚೆ ಕೇಳುತ್ತಿದ್ದ ಮನುಷ್ಯ ಮೂರು ವರ್ಷ ತಾನು ಕಿವುಡ ಎಂದು ನಂಬಿ ಬದುಕಿದರು. ಮಗಳ ದನಿ ಕೇಳುವ ಧೈರ್ಯವಿಲ್ಲದೆ ಫೋನು ನನ್ನ ಕೈಗೆ ಕೊಟ್ಟರು. ವಾಲ್ವು ಹೋದದ್ದು ಹೋಗಲಿ, ಅದು ಗಾಜು. ಬೇಕು ಎಂದಿದ್ದರೆ ಮಾವನವರು ತಾವಾಗಿಯೇ ಕಿತ್ತು ಕೊಡುತ್ತಿದ್ದರು. ಆದರೆ ರೇಡಿಯೋ ಕೆಟ್ಟಿದೆ ಎಂದು ಒಂದು ಮಾತು ಹೇಳಲಿಲ್ಲವಲ್ಲ. ಕಿವಿ ಕೆಟ್ಟಿದೆ ಅಂದರಲ್ಲ. ನನ್ನ ಅಕ್ಷರವನ್ನೇ ನಮ್ಮ ಮನೆಯೊಳಗೆ ಇಟ್ಟು ಹೋದರಲ್ಲ.

ಅದಕ್ಕಿಂತ ನನಗೆ ನುಂಗಲಾಗದ್ದು ಕ್ಷಮಾವಳಿ. ವರ್ಷವರ್ಷ ಬಂದು ಕೈ ಜೋಡಿಸಿ, ಬಾಯಿಲೆ ಅನ್ರಿ ಎಂದು ಹಟ ಮಾಡಿ, ಯಾವುದಕ್ಕೆ ಎಂದು ಹೇಳದೆ, ಹನ್ನೆರಡು ಸಲ ನನ್ನಿಂದ ಕ್ಷಮೆಯನ್ನು ವಾಲ್ವಿನ ನಂಬರಿನ ಹಾಗೆಯೇ ಬರೆಸಿಕೊಂಡು ಹೋದರು. ಈಗ ನಾನು ಕೋಪ ಮಾಡಿಕೊಳ್ಳಬೇಕೆಂದರೆ ನನ್ನ ಮಾತನ್ನು ನಾನೇ ಮುರಿಯಬೇಕು. ವಾಪಸು ಕೇಳೋಣವೆಂದರೆ ಮನುಷ್ಯನೇ ಇಲ್ಲ. ಇಷ್ಟು ತಿಳಿದ ಮೇಲೂ ಇಲ್ಲಿ ಅವರು, ಅವರು ಎಂದೇ ಬರೆಯುತ್ತಿದ್ದೇನೆ. ಅವನು ಎನ್ನಲು ಕೈ ಬರುತ್ತಿಲ್ಲ.

ಇವರು ಸಂಜೆ ಬೇಗ ಬಂದರು. ಎಲ್ಲ ಕೇಳಿದರು. ಭಕ್ರಿಯನ್ನು ತಟ್ಟೆಯ ಅಂಚಿಗೆ ಸರಿಸಿದರು. ಆಮೇಲೆ "ಕಾಗವಾಡಕ್ಕ ಹೇಳಬ್ಯಾಡ" ಅಂದರು. ನಾದಿನಿಗೆ ತಿಳಿದರೆ ಅವಳು ಆ ಮೂರು ವರ್ಷದ ರವಿವಾರಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಾಳೆ. ನನಗೂ ಹಾಗೇ ಅನ್ನಿಸಿತು.

ಹೊತ್ತು ಮುಳುಗುವ ಮುಂಚೆ ಊಟ ಮುಗಿಯಿತು. ಪಾತ್ರೆ ತೊಳೆದಿಟ್ಟು ಪಡಸಾಲೆಗೆ ಬಂದೆ. ಮಾವನವರ ಹೊತ್ತು ಅದು. ಬಾಗಿಲು ತೆರೆದೇ ಇತ್ತು. ರೇಡಿಯೋ ಹಚ್ಚಿ, ಎಳೆ ಕೆಂಪಾಗುವ ತನಕ ನಿಂತು, ಗುಂಡಿಯನ್ನು ಪೂರ್ತಿ ತಿರುಗಿಸಿದೆ. ವಾರ್ತೆ ಶುರುವಾಯಿತು. ಮಾಡದ ಮೇಲಿನ ಮಾವನವರ ಫೋಟೋದ ಗಾಜು ಸಣ್ಣಗೆ ನಡುಗುವಷ್ಟು ಜೋರು. ಇವರು ಒಳಗಿನಿಂದ ಬಂದು ನೋಡಿದರು, ಮಾವನವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

ಪಕ್ಕದ ಮನೆಯ ಮಂಗಲ ಒಣಗಿದ ಬಟ್ಟೆ ಎತ್ತಿಕೊಳ್ಳಲು ಅಂಗಳಕ್ಕೆ ಬಂದಳು. ನಾಲ್ಕು ವರ್ಷದ ಹಿಂದೆ ಬಾಡಿಗೆಗೆ ಬಂದವಳು, ಮಾವನವರನ್ನು ನೋಡಿದವಳಲ್ಲ. ಕೈಯಲ್ಲಿ ಬಟ್ಟೆಯ ರಾಶಿ ಹಿಡಿದುಕೊಂಡೇ ಗೋಡೆಯ ಮೇಲಿಂದ ಇಣುಕಿ ನಕ್ಕಳು.

"ಏನ್ರಿ ವೈನಿ, ಇವತ್ತ ಇಷ್ಟ ಜೋರ ಹಚ್ಚೀರಿ? ನಿಮ್ಮನ್ಯಾಗ ಯಾರಿಗೆ ಕಿವಿ ಕೇಳಂಗಿಲ್ಲ?"